ನಳ ಎಲ್ಲಿ ಮುಚ್ಚುತ್ತದೆ, ಅದನ್ನು ಕೇಳಿ ಕೊಳ್ಳಿ

ಯುಗಾದಿ ಮರುದಿನ ಸಂಜೆ ಮನೆಗೆ ಎಂಟು ಜನ ಬಂದಿದ್ದರು. ದುರ್ಗದಬೈಲಿನಿಂದ ಮಿರ್ಚಿ ಭಜಿ ತರಿಸಿದ್ದೆ. ಹಳೇ ಫ್ರಿಜ್ಜಿನ ಬಾಗಿಲಿಗೆ ನಾನೇ ಕೂರಿಸಿದ ಬಿಯರ್ ನಳದಿಂದ ಎಲ್ಲರಿಗೂ ತಣ್ಣನೆಯ ಮುರುಗಲ (ಕೋಕಂ) ಸೋಡಾ ಬಿಟ್ಟುಕೊಡಬೇಕು, ಒಂದಿಷ್ಟು ಜಂಬ ಪಡಬೇಕು ಎಂದು ಆಸೆ. ಹಿಡಿಕೆ ಎಳೆದೆ. ಅಲ್ಲಾಡಲಿಲ್ಲ. ಜೋರಾಗಿ ಎಳೆದೆ. ಹಿಡಿಕೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಾಡಿತು. ನಳ ಬುಡದಿಂದಲೇ ತಿರುಗಿ ಓರೆಯಾಯಿತು. ಮೂರನೇ ಸಲಕ್ಕೆ ‘ಟಕ್’ ಎಂದು ಬಿಟ್ಟುಕೊಂಡಿತು ನೋಡಿ, ಕೆಂಪು ನೊರೆ ನೇರವಾಗಿ ಬೀಗರ ಬಿಳಿ ಅಂಗಿಯ ಮೇಲೆ.

ಬೀಗರು ಒಳ್ಳೆಯವರು. “ಇರ್ಲಿ ಬಿಡ್ರಿ, ಈ ವರ್ಷ ಓಕುಳಿ ಎರಡ ಸಲ ಆತು” ಎಂದರು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಅದು ಜಾಸ್ತಿ ಚುಚ್ಚಿತು.

ಆ ನಳ ಮತ್ತು ಅದರ ಜಾಗಕ್ಕೆ ಬಂದ ಇನ್ನೊಂದು ನಳ, ಈ ಎರಡರ ಬಗ್ಗೆ ಬರೆಯುತ್ತಿದ್ದೇನೆ. ನಳದ ಬಗ್ಗೆ ಬರೆಯುವ ಹಕ್ಕು ನನಗೆ ಸ್ವಲ್ಪ ಇದೆ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನು. ಬ್ರೇಕ್ ಸೆಕ್ಷನ್ ನಮ್ಮದು. ಬೋಗಿಯ ಬ್ರೇಕ್ ಪೈಪಿನಲ್ಲಿ 5 ಕೆಜಿ ಗಾಳಿ, ಫೀಡ್ ಪೈಪಿನಲ್ಲಿ 6 ಕೆಜಿ. ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಎಂದು ಲೆಕ್ಕ, ನಾವು ಬರೀ ಕೆಜಿ ಅನ್ನುತ್ತಿದ್ದೆವು. ಕಾಕ್ ಬಿಚ್ಚುವುದು, ವಾಶರ್ ಬದಲಿಸುವುದು, ಸಾಬೂನು ನೀರು ಹಚ್ಚಿ ಎಲ್ಲಿ ಗುಳ್ಳೆ ಏಳುತ್ತದೆ ನೋಡುವುದು. ಇದರಲ್ಲೇ ಕೂದಲು ಬೆಳ್ಳಗಾಯಿತು. ಅಂಥವನು ಒಂದು ನಳ ಆರಿಸುವುದರಲ್ಲಿ ಮೋಸ ಹೋದೆ ಎಂದರೆ ನಾಚಿಕೆ ಅಲ್ವಾ?

ಈ ಹುಚ್ಚು ಹತ್ತಿದ್ದು ಮೆಲ್ಬರ್ನ್‌ನಲ್ಲಿ. ಮಗ ಅಲ್ಲಿದ್ದಾನೆ. ಎರಡು ವರ್ಷದ ಹಿಂದೆ ಮೂರು ತಿಂಗಳು ಹೋಗಿದ್ದೆವು. ಅವನ ಗ್ಯಾರೇಜಿನಲ್ಲಿ ಒಂದು ಫ್ರಿಜ್, ಅದರ ಬಾಗಿಲಿಗೆ ಸಾಲಾಗಿ ಮೂರು ನಳ. ಅಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ವಿಷಯ ಗೊತ್ತಾದಾಗ ಅವರಮ್ಮ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಮೂರನೇ ದಿನ ಅವನು ನನ್ನ ಕೈಗೆ ಗ್ಲಾಸು ಕೊಟ್ಟು, “ಅಪ್ಪಾ, ನೀನ ಹಿಡಿ” ಎಂದ. ನಾನು ನೀರಿನ ನಳ ತಿರುಗಿಸುವ ಹಾಗೆ ಮೆಲ್ಲಗೆ, ಅರ್ಧ ಎಳೆದೆ. ಗ್ಲಾಸಿನ ತುಂಬ ನೊರೆ, ತಳದಲ್ಲಿ ಎರಡು ಬೆರಳು ಬಿಯರ್.

“ಅರ್ಧ ಎಳೀಬ್ಯಾಡ. ಒಮ್ಮೆಲೆ ಪೂರ್ತಿ ಎಳಿ, ಒಮ್ಮೆಲೆ ಪೂರ್ತಿ ಮುಚ್ಚು. ನಡು ನಿಂದರಸಬ್ಯಾಡ.”

ಎರಡನೇ ಗ್ಲಾಸನ್ನು ಓರೆ ಹಿಡಿದು ಪೂರ್ತಿ ಎಳೆದೆ. ಬಂಗಾರದ ಬಣ್ಣದ ಧಾರೆ ಗ್ಲಾಸಿನ ಗೋಡೆಗುಂಟ ಸದ್ದಿಲ್ಲದೆ ಇಳಿಯಿತು. ಕೊನೆಗೆ ಗ್ಲಾಸು ನೆಟ್ಟಗೆ ಮಾಡಿದಾಗ ಮೇಲೆ ಎರಡು ಬೆರಳು ನೊರೆ ಕಟ್ಟಿತು. ಕುಡಿಯುವುದಕ್ಕಿಂತ ಮೊದಲು ಅದೇ ನಳ, ಅದೇ ಪೀಪಾಯಿ, ಎರಡು ಗ್ಲಾಸಿನಲ್ಲಿ ಇಷ್ಟು ವ್ಯತ್ಯಾಸ ಯಾಕೆ ಎಂದು ತಲೆ ಕೆರೆಯತೊಡಗಿತು.

ಕಾರಣ ಸರಳ. ಬಿಯರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ಫ್ರಿಜ್ಜಿನ 3-4 ಡಿಗ್ರಿ ತಂಪಿನಲ್ಲಿ ಸುಮಾರು 12 ಪಿಎಸ್‌ಐ (ಚದರ ಇಂಚಿಗೆ 12 ಪೌಂಡ್) ಒತ್ತಡ ಕೊಟ್ಟರೆ ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂವರೆ ಲೀಟರ್ ಗ್ಯಾಸು ಕರಗಿ ಕೂರುತ್ತದೆ. 12 ಪಿಎಸ್‌ಐ ಅಂದರೆ ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೆಜಿಗಿಂತ ಚೂರು ಜಾಸ್ತಿ. ಬ್ರೇಕ್ ಪೈಪಿನ ಮುಂದೆ ಅದು ಕೂಸು. ಆದರೆ ಈ ಕೂಸನ್ನು ಎಬ್ಬಿಸದೆ ಗ್ಲಾಸಿಗೆ ಇಳಿಸಬೇಕು. ಒತ್ತಡ ಮೆಲ್ಲಗೆ ಇಳಿದರೆ ಗ್ಯಾಸು ಬಿಯರಿನೊಳಗೇ ಉಳಿಯುತ್ತದೆ. ಅದಕ್ಕೇ ಪೀಪಾಯಿಂದ ನಳದವರೆಗೆ 5 ಮಿಲಿಮೀಟರ್ ಒಳ ಅಳತೆಯ ಸಣ್ಣ ಪೈಪನ್ನು ಮೂರು ಮೀಟರಿನಷ್ಟು ಉದ್ದ ಬಿಡುತ್ತಾರೆ. ಪೈಪಿನ ಗೋಡೆಗೆ ಉಜ್ಜಿಕೊಂಡು ಬರುತ್ತ ಬರುತ್ತ ಒತ್ತಡ ಸವೆಯುತ್ತದೆ. ನಳವನ್ನು ಅರ್ಧ ತೆರೆದರೆ ಈ ಮೂರು ಮೀಟರಿನ ಶ್ರಮವೆಲ್ಲ ಹಾಳು. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಂತೆ, ಸಣ್ಣ ಸಂದಿನಲ್ಲಿ ಧಾರೆ ಚಿಮ್ಮುತ್ತದೆ, ಒತ್ತಡ ಅಲ್ಲೇ ಒಮ್ಮೆಲೆ ಬೀಳುತ್ತದೆ, ಗ್ಯಾಸೆಲ್ಲ ನೊರೆಯಾಗಿ ಹೊರಗೆ ಬರುತ್ತದೆ. ಬಾರ್‌ಗಳಲ್ಲಿ ನಿಮಿಷಕ್ಕೆ ಸುಮಾರು 3.8 ಲೀಟರ್ ವೇಗ ಸರಿ ಎಂದು ಇಟ್ಟುಕೊಂಡಿದ್ದಾರೆ. ಅಂದರೆ ಅರ್ಧ ಲೀಟರ್ ಗ್ಲಾಸು ಎಂಟು ಸೆಕೆಂಡಿಗೆ ತುಂಬಬೇಕು.

ಊರಿಗೆ ಬರುವಾಗಲೇ ಹುಬ್ಬಳ್ಳಿಯಲ್ಲೂ ಒಂದು ಕೂರಿಸಬೇಕು ಎಂದು ನಿಶ್ಚಯ ಮಾಡಿದ್ದೆ. ಬಿಯರ್ ಅಲ್ಲ. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಪೆನ್ಶನ್ ತಿನ್ನುವ ವಯಸ್ಸಿನಲ್ಲಿ ಆ ಉಸಾಬರಿ ಯಾಕೆ. ಸೋಡಾ ಮಾಡಬಹುದಲ್ಲ! ಮಗ ಬಿಯರ್ ತುಂಬಿಸುವ 19 ಲೀಟರಿನ ಸ್ಟೀಲ್ ಪೀಪಾಯಿಗೆ ಕಾರ್ನೀಲಿಯಸ್ ಕೆಗ್ ಎಂದು ಹೆಸರು. ಅದು ಹುಟ್ಟಿದ್ದೇ ಸೋಡಾಕ್ಕೆ. ಅಮೆರಿಕದಲ್ಲಿ ಪೆಪ್ಸಿಯವರದು ಒಂದು ನಮೂನೆ ಬಾಯಿ, ಕೋಕಿನವರದು ಇನ್ನೊಂದು. ಸೋಡಾ ಅಂಗಡಿಗಳು ಅವನ್ನು ಬಿಟ್ಟಮೇಲೆ ಮನೆಯಲ್ಲಿ ಬಿಯರ್ ಮಾಡುವವರು ಎತ್ತಿಕೊಂಡರು. ಹಾಗಾಗಿ ನಾನು ಅದರಲ್ಲಿ ಮುರುಗಲ ಸೋಡಾ ತುಂಬಿಸಿದರೆ ಅದನ್ನು ತವರಿಗೆ ಕಳಿಸಿದಂತೆ.

ಶಿರಸಿ ಕಡೆಯಿಂದ ತರಿಸಿದ ಮುರುಗಲ ಸಿರಪ್ಪು, ಹುರಿದ ಜೀರಿಗೆ ಪುಡಿ ಸೋಸಿದ ನೀರು, ಒಂದು ಚಿಟಿಕೆ ಕರಿ ಉಪ್ಪು. ಗ್ಯಾಸಿನ ಸಿಲಿಂಡರ್ ಸಿಗುವುದು ಸ್ವಲ್ಪ ಕಷ್ಟವಾಯಿತು. ಕೇಳಿದಲ್ಲೆಲ್ಲ “ವೆಲ್ಡಿಂಗಿಗೇನ್ರಿ?” ಎನ್ನುತ್ತಿದ್ದರು. ಕುಡಿಯುವುದಕ್ಕೆ ಎಂದರೆ ಮೇಲೆ ಕೆಳಗೆ ನೋಡುತ್ತಿದ್ದರು. ಕೊನೆಗೆ ಸೋಡಾ ಅಂಗಡಿಗಳಿಗೆ ಹಾಕುವವರ ಹತ್ತಿರ ಸಿಕ್ಕಿತು. ತಿನ್ನುವ ಪದಾರ್ಥಕ್ಕೆ ಬಳಸುವ ಗ್ಯಾಸನ್ನೇ ಕೇಳಿ ತನ್ನಿ, ಸಿಲಿಂಡರನ್ನು ಗಾಳಿಯಾಡುವ ಕಡೆ ಇಡಿ. ಫ್ರಿಜ್ಜಿಗೆ ತೂತು ಕೊರೆಯುವುದಾದರೆ ಬಾಗಿಲಿಗೆ ಮಾತ್ರ ಕೊರೆಯಿರಿ. ಈಗಿನ ಎಷ್ಟೋ ಫ್ರಿಜ್ಜುಗಳ ಪಕ್ಕದ ಗೋಡೆಯೊಳಗೆ ಗ್ಯಾಸಿನ ಕೊಳವೆ ಓಡಾಡಿರುತ್ತದೆ, ಡ್ರಿಲ್ ತಾಗಿದರೆ ಫ್ರಿಜ್ ಸತ್ತಂತೆ.

ಇನ್ನು ನಳ. ಆನ್‌ಲೈನಿನಲ್ಲಿ 1,450 ರೂಪಾಯಿಗೆ ಒಂದು ಸಿಕ್ಕಿತು. ಯಾವ ಕಂಪನಿ ಎನ್ನುವುದು ಬೇಡ, ಡಬ್ಬದ ಮೇಲೂ ಹೆಸರು ಇರಲಿಲ್ಲ ಎನ್ನಿ. ಕನ್ನಡಿಯಂತೆ ಹೊಳೆಯುತ್ತಿತ್ತು. ಹಿತ್ತಾಳೆಗೆ ಕ್ರೋಮ್ ಪಾಲಿಶ್. ಮೊದಲ ಹದಿನೈದು ದಿನ ಚೆಂದ ನಡೆಯಿತು. ಆಮೇಲೆ ಬೆಳಗ್ಗೆ ಹಿಡಿಕೆ ಸ್ವಲ್ಪ ಬಿಗಿ ಅನ್ನಿಸತೊಡಗಿತು. ಮೂತಿಯ ತುದಿಗೆ ಇರುವೆ ಸಾಲು. ಮೇ ತಿಂಗಳಲ್ಲಿ ಮಾವಿನಹಣ್ಣಿನ ಬುಟ್ಟಿಗೆ ಮುತ್ತುವ ಆ ಸಣ್ಣ ನೊಣ ಇವೆಯಲ್ಲ, ಅವು ಬುಟ್ಟಿ ಬಿಟ್ಟು ನಳದ ಸುತ್ತ. ಬಿಸಿನೀರು ಹಾಕಿ ಒರೆಸುತ್ತಿದ್ದೆ. ಒಂದೆರಡು ಸಲ ಇಕ್ಕಳದ ಹಿಡಿಯಿಂದ ಮೆಲ್ಲಗೆ ಬಡಿದದ್ದೂ ಉಂಟು. ಅದನ್ನು ನಮ್ಮ ಚಾರ್ಜ್‌ಮನ್ ಸಾಹೇಬರು ನೋಡಿದ್ದರೆ ಕಿವಿ ಹಿಂಡುತ್ತಿದ್ದರು.

ಓಕುಳಿ ಆದ ರಾತ್ರಿ, ಎಲ್ಲರೂ ಹೋದ ಮೇಲೆ, ಪೇಪರ್ ಹಾಸಿ ಅದನ್ನು ಬಿಚ್ಚಿದೆ.

ಹಿಡಿಕೆಯ ಕೆಳಗಿನ ಟೊಪ್ಪಿ ತೆಗೆದರೆ ಒಳಗೆ ಒಂದು ಸಣ್ಣ ಲಿವರ್, ನಡುವೆ ಉರುಟಾದ ಗುಂಡು. ಹಿಡಿಕೆ ಮುಂದಕ್ಕೆ ಎಳೆದಾಗ ಲಿವರಿನ ಕೆಳತುದಿ ಹಿಂದಕ್ಕೆ ಹೋಗಿ ಒಂದು ದಂಡವನ್ನು ನೂಕುತ್ತದೆ. ಆ ದಂಡದ ಹಿಂದಿನ ತುದಿಗೆ ರಬ್ಬರ್ ವಾಶರ್. ಹಿಡಿಕೆ ವಾಪಸ್ ತಂದಾಗ ಅದು ನಳದ ಬೆನ್ನಿನ ತೂತನ್ನು ಮುಚ್ಚುತ್ತದೆ. ಸರಿ, ಮುಚ್ಚುವ ಜಾಗ ಬೆನ್ನಿನಲ್ಲಿದೆ. ಅಲ್ಲಿಂದ ಮೂತಿಯವರೆಗಿನ ಮೂರ್ನಾಲ್ಕು ಅಂಗುಲ? ಅದು ಪೂರ್ತಿ ಹೊರಗಿನ ಗಾಳಿಗೆ ತೆರೆದೇ ಇರುತ್ತದೆ. ಮುಚ್ಚಿದಾಗ ಉಳಿದ ಸೋಡಾ ಇಳಿದುಹೋಗಲಿ ಎಂದು ಗಾಳಿ ಒಳಬರಲು ತೂತು ಬೇರೆ ಕೊಟ್ಟಿರುತ್ತಾರೆ. ಸೋಡಾ ಇಳಿಯುತ್ತದೆ, ಆದರೆ ಗೋಡೆಗೆ ಹತ್ತಿದ ತೇವ ಇಳಿಯುವುದಿಲ್ಲ. ಅದು ಅಲ್ಲೇ ಒಣಗುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ.

ಬೆರಳ ಉಗುರಿನಿಂದ ಕೆರೆದೆ. ಲಿವರಿನ ಗುಂಡಿನ ಸುತ್ತ ಕಪ್ಪು ಕೆಂಪು ಬಣ್ಣದ ಪಾಕ, ಉಂಡೆ ಕಟ್ಟುವ ಹದ ಮೀರಿ ಕಲ್ಲಾಗಿತ್ತು. ಹಿಡಿಕೆ ಅಲ್ಲಾಡದೆ ಇದ್ದದ್ದು ಇದಕ್ಕೇ. ಬ್ಯಾಟರಿ ಹಾಕಿ ಮೂತಿಯೊಳಗೆ ನೋಡಿದೆ. ಅಲ್ಲಿ ಕ್ರೋಮ್ ಎದ್ದುಹೋಗಿ ಹಿತ್ತಾಳೆ ಕಾಣುತ್ತಿತ್ತು, ಅದರ ಅಂಚಿಗೆ ಹಸಿರು ಕಿಲುಬು. ನಮ್ಮ ಅಜ್ಜಿ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಮಾಡುತ್ತಿರಲಿಲ್ಲ. ಕಲಾಯಿಯವನು ಬರುವ ತನಕ ಪಾತ್ರೆ ಬೋರಲು ಹಾಕಿಡುತ್ತಿದ್ದಳು. ಅವಳ ಮೊಮ್ಮಗ ಎಂಟು ಜನಕ್ಕೆ ಅಂಥದ್ದೇ ಹಿತ್ತಾಳೆಯ ಮೂಲಕ ಮುರುಗಲ ಹುಳಿ ಕುಡಿಸಲು ಹೊರಟಿದ್ದ.

ಬಿಯರಿಗೂ ಇದೇ ಪಾಡು. ಅದರಲ್ಲೂ ಹುಳಿ ಇದೆ, ಒಣಗಿದರೆ ಅಂಟುವ ಸಿಹಿ ಇದೆ. ಜೊತೆಗೆ ಮೂತಿಯೊಳಗೆ ಬೂಷ್ಟು, ಹುಳಿಮಾಡುವ ಕ್ರಿಮಿ ಬೆಳೆದರೆ ಮುಂದಿನ ಗ್ಲಾಸಿನ ರುಚಿಯೇ ಕೆಡುತ್ತದೆ. ಬಾರ್‌ನಲ್ಲಿ ದಿನಕ್ಕೆ ನೂರು ಗ್ಲಾಸು ಹರಿಯುವುದರಿಂದ ಒಣಗಲು ಬಿಡುವೇ ಸಿಗುವುದಿಲ್ಲ, ಹಾಗಾಗಿ ಈ ಹಿಂದೆ ಮುಚ್ಚುವ ನಳ ಅಲ್ಲಿ ಹೇಗೋ ನಡೆಯುತ್ತದೆ. ಮನೆಯಲ್ಲಿ ಸಂಜೆಗೆ ನಾಲ್ಕು ಗ್ಲಾಸು, ಆಮೇಲೆ ಎರಡು ದಿನ ರಜೆ. ಒಣಗಿ ಅಂಟಲು ಅದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

ಫೋನಿನಲ್ಲಿ ಮಗನಿಗೆ ಬಿಚ್ಚಿದ ಭಾಗಗಳ ಫೋಟೋ ಕಳಿಸಿದೆ. “ಹಿಂದ ಮುಚ್ಚೋದು ಯಾಕ್ ತಗೊಂಡಿ ಅಪ್ಪಾ? ನಮ್ಮನ್ಯಾಗಿಂದು ನೋಡಿದ್ದಿ ಅಲ್ಲಾ?” ಎಂದ. ನೋಡಿದ್ದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಎಲ್ಲಿ ಮುಚ್ಚುತ್ತದೆ ಎಂದು ಕೇಳಬೇಕು ಎನ್ನುವ ಬುದ್ಧಿ ನನಗಾದರೂ ಬರಬೇಕಿತ್ತು.

ಆಗಸ್ಟಿನಲ್ಲಿ ಅವನು ಬರುವಾಗ ಒಂದು ತಂದ. ನ್ಯೂಕಾಟ್ಯಾಪ್ ಎಂದು ಹೆಸರು, ಮೆಲ್ಬರ್ನ್‌ನ ಕೆಗ್‌ಲ್ಯಾಂಡ್ ಕಂಪನಿಯದು, ಧಾರೆ ಹೆಚ್ಚು ಕಡಿಮೆ ಮಾಡಲು ಬೇರೆಯೇ ಒಂದು ಲಿವರ್ ಇರುವ ನಮೂನೆ. ಸ್ಟೇನ್‌ಲೆಸ್ ಸ್ಟೀಲ್. ಬೆಲೆ ಕೇಳಿದೆ, ಹೇಳಲಿಲ್ಲ. ಹಾಗಾಗಿ ನಿಮಗೂ ಹೇಳಲಾರೆ. ಕೂರಿಸುವ ಮೊದಲೇ ಬಿಚ್ಚಿ ನೋಡಿದೆ.

ಇಲ್ಲಿ ದಂಡದ ಮುಂದಿನ ತುದಿ ಬಂದು ಮೂತಿಯ ಬಾಯಿಗೇ ಕೂರುತ್ತದೆ. ಅಂದರೆ ಮುಚ್ಚುವ ಜಾಗ ಮುಂದಕ್ಕೆ ಬಂತು. ನಮ್ಮ ಗೋಲಿ ಸೋಡಾ ನೆನಪು ಮಾಡಿಕೊಳ್ಳಿ. ಇಂಗ್ಲೆಂಡಿನ ಹೈರಮ್ ಕಾಡ್ ಎನ್ನುವವನು 1872ರಲ್ಲಿ ಪೇಟೆಂಟ್ ಮಾಡಿಸಿದ ಬಾಟ್ಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಕತ್ತಿನ ರಬ್ಬರಿಗೆ ಕೂರಿಸುತ್ತದೆ. ಸೋಡಾ ಗೋಲಿಯ ತನಕ ತುಂಬಿರುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಮುಂದೆ ಮುಚ್ಚುವ ನಳವೂ ಹಾಗೇ. ಒಳಗಿನ ಒತ್ತಡ ದಂಡವನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ, ಅದರ ಬೆನ್ನಿಗೆ ಇರುವ ಹಿಡಿಕೆಯ ಲಿವರು, ಗುಂಡು, ಎಲ್ಲ ಸದಾ ಸೋಡಾದಲ್ಲಿ ಮುಳುಗಿರುತ್ತವೆ. ಮುಳುಗಿದ್ದು ಒಣಗುವುದಿಲ್ಲ. ಒಣಗದ್ದು ಅಂಟುವುದಿಲ್ಲ. ಗಾಳಿಗೆ ತೆರೆದಿರುವುದು ಮೂತಿಯ ಒಂದಿಷ್ಟು ಭಾಗ ಮಾತ್ರ. ಹಿಡಿಕೆಯ ಬುಡದಿಂದ ಸೋಡಾ ಹೊರಗೆ ಬರದಂತೆ ಓ-ರಿಂಗು ಎಂಬ ರಬ್ಬರ್ ಬಳೆ ತಡೆಯುತ್ತದೆ. ಅಮೆರಿಕದ ಮಿಲ್ವಾಕಿಯ ಪರ್ಲಿಕ್ ಎನ್ನುವ ಹಳೇ ಕಂಪನಿಯ ನಳಗಳೂ ಇದೇ ಜಾತಿಯವು, ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಆ ಹೆಸರೂ ಚಾಲ್ತಿಯಲ್ಲಿದೆ.

ಈಗ ಏಳು ತಿಂಗಳಾಯಿತು. ನಾಲ್ಕು ದಿನ ಬಿಟ್ಟು ಎಳೆದರೂ ಹಿಡಿಕೆ ಮೊದಲ ದಿನದ ಹಾಗೇ ಬರುತ್ತದೆ. ಮೊಮ್ಮಗಳು ಒಂದೇ ಬೆರಳಿನಿಂದ ಎಳೆಯುತ್ತಾಳೆ, ಅದು ಬೇರೆ ತಾಪತ್ರಯ. ಇರುವೆ ಮೂತಿಯ ತುದಿಗೆ ಈಗಲೂ ಬರುತ್ತದೆ. ಕೊನೆಯ ಹನಿ ಅಲ್ಲಿ ನಿಂತೇ ನಿಲ್ಲುತ್ತದೆ. ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಧಾರೆಯ ಲಿವರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಸೋಡಾಕ್ಕೆ ಬಿಯರಿಗಿಂತ ಗ್ಯಾಸು ಹೆಚ್ಚು ಬೇಕು, ಇಲ್ಲದಿದ್ದರೆ ನಾಲಗೆಗೆ ಚುರುಕು ಇರುವುದಿಲ್ಲ. ನಾನು 30 ಪಿಎಸ್‌ಐ, ಅಂದರೆ 2 ಕೆಜಿ ಚಿಲ್ಲರೆ ಇಡುತ್ತೇನೆ. ಆ ತಂಪಿನಲ್ಲಿ ಒಂದು ಲೀಟರಿಗೆ ಸುಮಾರು ನಾಲ್ಕು ಲೀಟರ್ ಗ್ಯಾಸು ಕರಗುತ್ತದೆ. ಇಷ್ಟು ಒತ್ತಡವನ್ನು ಸವೆಸಲು ಮೂರು ಮೀಟರ್ ಪೈಪು ಸಾಲದು. ಹಳೇ ನಳ ಇದ್ದಾಗ ಏಳು ಮೀಟರ್ ಪೈಪನ್ನು ಜಿಲೇಬಿ ಸುತ್ತಿದಂತೆ ಸುತ್ತಿ ಕೆಗ್ಗಿನ ಮೇಲೆ ಇಟ್ಟಿದ್ದೆ. ಫ್ರಿಜ್ ತೆಗೆದರೆ ಅದೇ ಮೊದಲು ಮೈಮೇಲೆ ಬೀಳುತ್ತಿತ್ತು.

ಹೊಸ ನಳದಲ್ಲಿ ಆ ಕೆಲಸವನ್ನು ಧಾರೆಯ ಲಿವರ್ ಮಾಡುತ್ತದೆ. ಪೈಪನ್ನು ಮೂರು ಮೀಟರಿಗೆ ಕತ್ತರಿಸಿ ಪರೀಕ್ಷೆ ಮಾಡಿದೆ, ಚಹದ ಅಂಗಡಿಯ ದೊಡ್ಡ ಗ್ಲಾಸಿನಲ್ಲಿ. ಲಿವರ್ ಪೂರ್ತಿ ತೆರೆದಾಗ ಮುಕ್ಕಾಲು ಗ್ಲಾಸು ನೊರೆ. ನಡುವಿಗೆ ತಂದಾಗ ಎರಡು ಬೆರಳು ನೊರೆ, ಧಾರೆ ಹಗ್ಗದ ಹಾಗೆ ನುಣ್ಣಗೆ. ಇನ್ನೂ ಮುಚ್ಚಿದಾಗ ಗ್ಲಾಸು ತುಂಬುವಷ್ಟರಲ್ಲಿ ಮಿರ್ಚಿ ಆರಿಹೋಗುತ್ತದೆ. ನಡುವಿನ ಜಾಗಕ್ಕೆ ಉಗುರುಬಣ್ಣದಿಂದ ಒಂದು ಚುಕ್ಕಿ ಇಟ್ಟಿದ್ದೇನೆ. ಉಗುರುಬಣ್ಣ ಸೊಸೆಯದು, ಕೇಳದೆ ತಗೊಂಡದ್ದು.

ಹಾಗಾದರೆ ಹಿಡಿಕೆಯನ್ನೇ ಅರ್ಧ ಎಳೆದರೆ ಆಗುವುದಿಲ್ಲವೇ, ಎರಡೂ ದಾರಿ ಸಣ್ಣದು ಮಾಡುವುದೇ ಅಲ್ವಾ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹಿಡಿಕೆ ಅರ್ಧ ಎಳೆದಾಗ ಬಾಯಿಯಲ್ಲಿ ಹರಿತ ಅಂಚಿನ ಒಂದು ಸಂದು ಆಗುತ್ತದೆ, ಒತ್ತಡ ಬೀಳುವುದೂ ಅಲ್ಲೇ, ಕೂದಲೆಳೆಯಷ್ಟು ಜಾಗದಲ್ಲಿ. ಲಿವರ್ ಅದರ ಹಿಂದೆಯೇ ದಾರಿಯನ್ನು ಮೆಲ್ಲಗೆ, ಉದ್ದಕ್ಕೆ ಕಿರಿದು ಮಾಡುತ್ತದೆ. ಕಟ್ಟೆಯಿಂದ ಧುಮುಕುವುದಕ್ಕೂ ಇಳಿಜಾರಿನಲ್ಲಿ ನಡೆದು ಇಳಿಯುವುದಕ್ಕೂ ಇರುವ ವ್ಯತ್ಯಾಸ. ಬಾಯಿ ಮಾತ್ರ ಯಾವಾಗಲೂ ಪೂರ್ತಿ ತೆರೆದೇ ಇರಬೇಕು.

ಬರೀ ಬಿಯರ್ ಬಿಡುವವರಿಗೆ, ಪೈಪಿನ ಉದ್ದ ಸರಿ ಇದ್ದರೆ, ಈ ಲಿವರ್ ಬೇಕೇ ಬೇಕು ಎಂದೇನಿಲ್ಲ. ಮಗನ ಮೂರು ನಳಗಳಲ್ಲಿ ಒಂದಕ್ಕೆ ಮಾತ್ರ ಇದೆ. ಒಳಗೆ ಒಂದು ಭಾಗ ಜಾಸ್ತಿ ಎಂದರೆ ತೊಳೆಯಲು ಒಂದು ಭಾಗ ಜಾಸ್ತಿ.

ಈ ನಳ ಮಾಡಲಾರದ ಕೆಲಸ ಒಂದಿದೆ. ಅದನ್ನು ಯಾವ ನಳವೂ ಮಾಡಲಾರದು. ಹುಬ್ಬಳ್ಳಿಯ ಬೇಸಿಗೆ ಬಿಸಿಲು. ಅಡುಗೆಮನೆಯಲ್ಲಿ 35ರ ಮೇಲೆ ಇರುತ್ತದೆ. ಕೆಗ್ಗು, ಪೈಪು ಫ್ರಿಜ್ಜಿನೊಳಗೆ ತಣ್ಣಗಿವೆ, ನಳ ಮಾತ್ರ ಬಾಗಿಲ ಹೊರಗೆ ಬಿಸಿಯಾಗಿ ಕೂತಿದೆ. ತಣ್ಣನೆಯ ಸೋಡಾ ಆ ಬಿಸಿ ಉಕ್ಕಿಗೆ ತಾಗಿದೊಡನೆ ಗ್ಯಾಸು ಬಿಟ್ಟುಕೊಡುತ್ತದೆ. ಮೊದಲ ಗ್ಲಾಸು ನೊರೆ, ಎರಡನೆಯದು ಸರಿ. ಎರಡು ಗ್ಲಾಸಿನ ನಡುವೆ ಹತ್ತು ನಿಮಿಷ ಹರಟೆ ಹೊಡೆದರೆ ಮತ್ತೆ ಮೊದಲಿನ ಪಾಡು. ಮುಂದೆ ಮುಚ್ಚುವ ನಳದ ಹೊಟ್ಟೆಯಲ್ಲಿ ನಿಂತ ಒಂದು ಗುಟುಕು ಸೋಡಾ ಕೂಡ ಬಿಸಿಯಾಗಿರುತ್ತದೆ. ಆ ಮಟ್ಟಿಗೆ ಹಿಂದೆ ಮುಚ್ಚುವುದೇ ಮೇಲು ಎನ್ನಬೇಕು, ನ್ಯಾಯ ಹೇಳುವಾಗ ಎರಡೂ ಕಡೆ ಹೇಳಬೇಕಲ್ಲ. ಮೊದಲ ಗುಟುಕನ್ನು ಬೇರೆ ಲೋಟಕ್ಕೆ ಬಿಡುವುದು ಒಂದು ಉಪಾಯ. ಇನ್ನೊಂದು ನನ್ನ ಹೆಂಡತಿಯದು. ನೀರಿನ ಹರವಿಗೆ ಸುತ್ತುವ ಹಾಗೆ ನಳಕ್ಕೆ ಒಂದು ಒದ್ದೆ ಅರಿವೆ ಸುತ್ತಿದಳು. ಒಣ ಬಿಸಿಲಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೋಡಲು ಮಾತ್ರ ನಳಕ್ಕೆ ಹಲ್ಲುನೋವು ಬಂದಂತೆ ಕಾಣುತ್ತದೆ. ಮಳೆಗಾಲದಲ್ಲಿ ಈ ಉಪಾಯ ನಡೆಯುವುದಿಲ್ಲ, ಆಗ ಬೇಕಾಗುವುದೂ ಇಲ್ಲ.

ಕೆಗ್ಗಿನಲ್ಲಿ ಬರೀ ಸೋಡಾ ತುಂಬಿಸಿ, ಸಿರಪ್ಪನ್ನು ಗ್ಲಾಸಿಗೆ ಹಾಕಿದ್ದರೆ ಮೊದಲಿನ ನಳವೇ ಅಂಟುತ್ತಿರಲಿಲ್ಲ ಎಂದೂ ಅವಳು ಹೇಳಿದಳು. ಸರಿಯಾದ ಮಾತು. ಆದರೆ ಸಿರಪ್ಪಿನ ಮೇಲೆ ಸೋಡಾ ಸುರಿದರೆ ಕಲಕಬೇಕು, ಕಲಕಿದರೆ ಅರ್ಧ ಗ್ಯಾಸು ಹೋಯಿತು. ಜೀರಿಗೆ, ಉಪ್ಪು, ಹುಳಿ ಎಲ್ಲ ಎರಡು ದಿನ ತಂಪಿನಲ್ಲಿ ಕೂಡಿ ಕೂತ ರುಚಿ ಬೇರೆಯೇ. ಇದರಲ್ಲಿ ನಾನು ಸೋಲುವುದಿಲ್ಲ.

ತೊಳೆಯುವ ವಿಷಯದಲ್ಲಿ ಸೋಮಾರಿತನ ಬೇಡ. ಬಿಯರಿಗೆ ಎರಡು ವಾರಕ್ಕೊಮ್ಮೆ ಪೈಪು, ನಳ ತೊಳೆಯಬೇಕು, ನಳವನ್ನು ಬಿಚ್ಚಿಯೇ ತೊಳೆಯಬೇಕು ಎಂದು ಆ ಕಸುಬಿನವರ ನಿಯಮ. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ, ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ. ಒಂದು ಸಲ ಮಾತ್ರ ಎಡವಿದೆ. ಬಿಚ್ಚಿ ಜೋಡಿಸುವಾಗ ಓ-ರಿಂಗಿಗೆ ತಿನ್ನುವ ಪದಾರ್ಥಕ್ಕೆ ನಡೆಯುವ ಸಿಲಿಕೋನ್ ಗ್ರೀಸ್ ಸವರಬೇಕು. ಮಗ ಕೊಟ್ಟ ಡಬ್ಬಿ ಎಲ್ಲಿಟ್ಟೆ ಎಂದು ನೆನಪಾಗಲಿಲ್ಲ. ಕೊಬ್ಬರಿ ಎಣ್ಣೆ ಕೈಗೆ ಸಿಕ್ಕಿತು. ವಾರಗಟ್ಟಲೆ ಸೋಡಾಕ್ಕೆ ತಲೆ ಬಾಚಿದ ವಾಸನೆ. ಮೇಲಾಗಿ ಎಣ್ಣೆಯ ಪಸೆ ಇದ್ದರೆ ನೊರೆ ನಿಲ್ಲುವುದಿಲ್ಲ. ಬಿಯರ್ ಕುಡಿಯುವವರು ಗ್ಲಾಸಿನಲ್ಲಿ ಜಿಡ್ಡು ಇರಬಾರದು ಎಂದು ಒದ್ದಾಡುವುದೂ ಅದಕ್ಕೇ. ತುಪ್ಪದ ಕೈಯಿಂದ ತೊಳೆದ ಗ್ಲಾಸಿಗೆ ಎಂಥ ನಳದಿಂದ ಬಿಟ್ಟರೂ ಮೇಲಿನ ನೊರೆ ಕಣ್ಣೆದುರೇ ಕರಗುತ್ತದೆ.

ನಳದ ಜಾತಿಗಳು ಇನ್ನೂ ಇವೆ. ಗಿನ್ನೆಸ್‌ನಂಥ ಕಪ್ಪು ಬಿಯರಿಗೆ ಬೇರೆಯೇ ನಳ, ಅದರ ಮೂತಿಯೊಳಗೆ ಸಣ್ಣ ತೂತುಗಳ ಒಂದು ಬಿಲ್ಲೆ. 1959ರಲ್ಲಿ ಗಿನ್ನೆಸ್ ಕಂಪನಿಯ ಮೈಕಲ್ ಆಶ್ ಎಂಬ ಗಣಿತದವನು ಬಿಯರಿಗೆ ನೈಟ್ರೋಜನ್ ಸೇರಿಸುವುದನ್ನು ಚಾಲ್ತಿಗೆ ತಂದ. ಆ ತೂತುಗಳಿಂದ ಬಲವಾಗಿ ಹಿಂಡಿ ಬಿಟ್ಟಾಗ ಕೆನೆಯಂಥ ನೊರೆ ಏಳುತ್ತದೆ. ನಮ್ಮ ನಳ ನೊರೆ ಬೇಡ ಎಂದು ಒದ್ದಾಡಿದರೆ ಅದು ನೊರೆ ಬೇಕೆಂದೇ ಹುಟ್ಟಿದ್ದು. ನನಗೆ ಹೆಚ್ಚು ಹಿಡಿಸಿದ್ದು ಚೆಕ್ ದೇಶದ್ದು. ಪಿಲ್ಸೆನ್ ಊರಿನ ಲುಕ್ರ್ ಕಂಪನಿ ಮಾಡುವ ನಳದ ಹಿಡಿಕೆ ಪಕ್ಕಕ್ಕೆ ತಿರುಗುತ್ತದೆ, ಒಳಗೆ ಬಾಲ್ ವಾಲ್ವು, ಮೂತಿಯಲ್ಲಿ ಸಣ್ಣ ಜಾಲರಿ. ಅದನ್ನು ಅರ್ಧ ತೆರೆಯಲೂಬಹುದು! ಮೊದಲು ಮೆತ್ತನೆಯ ಹಸಿ ನೊರೆ ಬಿಟ್ಟು, ಆಮೇಲೆ ಅದರ ಅಡಿಯಲ್ಲಿ ಬಿಯರ್ ತುಂಬುತ್ತಾರೆ. ಗ್ಲಾಸು ಪೂರ್ತಿ ನೊರೆಯನ್ನೇ ತುಂಬಿಸಿಕೊಡುವ ಒಂದು ಪದ್ಧತಿಯೂ ಇದೆ. ಅದಕ್ಕೆ ‘ಮ್ಲೀಕೊ’ ಎನ್ನುತ್ತಾರೆ, ಹಾಲು ಎಂದೇ ಅರ್ಥ. ಮೆಲ್ಬರ್ನ್‌ನ ಗ್ಯಾರೇಜಿನಲ್ಲಿ ನನ್ನ ಮೊದಲ ಗ್ಲಾಸು ನೋಡಿ ನಕ್ಕವನಿಗೆ ಈ ಸಂಗತಿಯನ್ನು ಫೋನ್ ಮಾಡಿ ಹೇಳಿದೆ.

ಕೊಳ್ಳುವುದಾದರೆ ಮುಂದೆ ಮುಚ್ಚುವುದನ್ನೇ ಕೊಳ್ಳಿ, ಸ್ಟೇನ್‌ಲೆಸ್ ಸ್ಟೀಲಿನದೇ ಕೊಳ್ಳಿ. ದುಡ್ಡು ಕಡಿಮೆ ಇದ್ದರೆ ಹೊಳೆಯುವ ಅಗ್ಗದ ಹಿತ್ತಾಳೆಗಿಂತ, ಹೆಬ್ಬೆರಳಿನಿಂದ ಒತ್ತುವ ಪ್ಲಾಸ್ಟಿಕ್ ಪಿಕ್ನಿಕ್ ನಳ ವಾಸಿ. ಫ್ರಿಜ್ಜಿನೊಳಗೇ ಇರುತ್ತದೆ, ತಣ್ಣಗಿರುತ್ತದೆ, ತೂತು ಕೊರೆಯುವ ಕೆಲಸವಿಲ್ಲ. ಸುಮ್ನೆ ಬಾಗಿಲು ತೆಗೆದು ಹಿಡಿಯಬೇಕು ಅಷ್ಟೇ. ಬೀಗರ ಮುಂದೆ ಜಂಬ ಪಡಲು ಬರುವುದಿಲ್ಲ.

ಹಳೇ ನಳವನ್ನು ಎಸೆಯಲು ಮನಸ್ಸಾಗಲಿಲ್ಲ. ನಮ್ಮ ಓಣಿಗೆ ಕಾರ್ಪೊರೇಷನ್ ನೀರು ಬರುವುದು ವಾರಕ್ಕೊಮ್ಮೆ, ಬಿಟ್ಟದ್ದೇ ದಿನ. ಟೆರೇಸಿನ ಮೇಲೆ ಗಿಡಗಳಿಗೆಂದು ಒಂದು ಡ್ರಮ್ಮು ಇದೆ. ಕೆರೆದು ತೊಳೆದು ಅದಕ್ಕೆ ಕೂರಿಸಿದೆ. ಬರೀ ನೀರು, ಸಕ್ಕರೆ ಇಲ್ಲ, ಹುಳಿ ಇಲ್ಲ. ಹಿಡಿಕೆ ಬೆಣ್ಣೆಯ ಹಾಗೆ ಬರುತ್ತದೆ. ಮೊನ್ನೆ ಬೀಗರು ಬಂದಾಗ ಟೆರೇಸಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ನಿಂತು, “ನೀವ ಎಳೀರಿ” ಎಂದರು.